ಅಟ್ಟದ ಮೇಲೆ ಸಿಕ್ಕ ‘ಕೊಯಿನಾ’ ಡಬ್ಬಿ: ಚಳಿಜ್ವರದ ಮದ್ದು ನಮ್ಮೂರಿಗೆ ಬಂದದ್ದು ಎಲ್ಲಿಂದ?

ಹೆಂಚಿನಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪದ ಕಡೆ ಹಳೇ ಮನೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಣ ಅಂತ ಅಟ್ಟ ಖಾಲಿ ಮಾಡುವಾಗ ಮುತ್ತಜ್ಜನ ಬೀಟೆ ಮರದ ಪೆಟ್ಟಿಗೆ ಸಿಕ್ಕಿತು. ಬೀಗ ಒಡೆದೇ ತೆಗೆಯಬೇಕಾಯಿತು. ಒಳಗೆ ಜಮೀನಿನ ಕಾಗದ, ಎರಡು ಬೆಳ್ಳಿ ಲೋಟ, ಒಂದು ಸರದ ತುಂಡು. ಅವುಗಳ ನಡುವೆ ಅಂಗೈಯಗಲದ ತಗಡಿನ ಡಬ್ಬಿ. ಡಬ್ಬಿಯಲ್ಲಿ ಮಡಚಿಟ್ಟ ಕಾಗದದ ಪೊಟ್ಟಣಗಳು, ಒಂದೊಂದರಲ್ಲೂ ಒಂದು ಚಿಟಿಕೆ ಬಿಳಿ ಪುಡಿ. ಕಾಗದದ ಅಂಚಿಗೆ ತಾಗಿದಲ್ಲಿ ಪುಡಿ ಸ್ವಲ್ಪ ಕಂದು ತಿರುಗಿದೆ.

ಅಜ್ಜಿಗೆ ಈಗ 88. ಕಣ್ಣು ಮಂದ, ಆದರೆ ಡಬ್ಬಿ ಮುಟ್ಟಿ ನೋಡಿದ ಕೂಡಲೇ “ಕೊಯಿನಾ ಅಲ್ವೇನೋ ಇದು” ಅಂದರು. ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ, ಕೊಡುತ್ತಿದ್ದ ಮದ್ದಂತೆ. ಅವರು ಚಿಕ್ಕವರಿದ್ದಾಗ ಊರಿನ ಅರ್ಧ ಮಕ್ಕಳಿಗೆ ಹೊಟ್ಟೆಯ ಎಡಗಡೆ ಜ್ವರಗಡ್ಡೆ ಇತ್ತಂತೆ. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹೆದರುತ್ತಿದ್ದರಂತೆ.

ನನಗೆ ತಿಳಿಯಬೇಕಾದ್ದು ಮೂರು ವಿಷಯ. ಇದು ಕ್ವಿನೈನೇ ಹೌದಾ? ಇದು ಮರದ ತೊಗಟೆಯಿಂದ ಬಂದದ್ದು ಅನ್ನುತ್ತಾರೆ, ಯಾವ ಮರ, ಎಲ್ಲಿಯದು? ಮತ್ತೆ ಜ್ವರದ ಪುಡಿಯನ್ನು ಚಿನ್ನ ಬೆಳ್ಳಿಯ ಜೊತೆ ಬೀಗ ಹಾಕಿ ಇಟ್ಟದ್ದು ಯಾಕೆ?

ಹಳೇ ಕಾಂಪೌಂಡರ್

ಮೊದಲ ಮಾತು: ನಾಲಿಗೆಗೆ ಇಟ್ಟು ನೋಡಬೇಡಿ. ಅಷ್ಟು ಹಳೆಯ ಪುಡಿ ಏನೇ ಆಗಿರಬಹುದು. ಹಳೇ ಮನೆಗಳಲ್ಲಿ ಇಲಿ ಪಾಷಾಣವನ್ನೂ ಇಂಥದ್ದೇ ಡಬ್ಬಿಯಲ್ಲಿ ಇಡುತ್ತಿದ್ದರು.

ನಾನು ಮೂವತ್ತೈದು ವರ್ಷ ಔಷಧದ ಕೌಂಟರಿನ ಹಿಂದೆ ನಿಂತವನು, ಈಗ ನಿವೃತ್ತ. ಪುಡಿ ಹಾಳು ಮಾಡದೆ ನೋಡಬಹುದಾದ ಒಂದು ದಾರಿ ಇದೆ. ಗಾಜಿನ ಲೋಟದಲ್ಲಿ ಶುದ್ಧ ನೀರು ತಗೊಳ್ಳಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಕಡ್ಡಿಯ ತುದಿಯಷ್ಟು ಪುಡಿ ಹಾಕಿ ಕಲಕಿ. ಉಪ್ಪು ಮಾತ್ರ ತಾಗಬಾರದು. ಲೋಟವನ್ನು ಬಿಸಿಲಿಗೆ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು, ನೀರಿನ ಮೇಲ್ಮೈಯನ್ನು ಓರೆಯಾಗಿ ನೋಡಿ. ಕ್ವಿನೈನ್ ಆಗಿದ್ದರೆ ತೆಳು ನೀಲಿ ಹೊಳಪು ಕಾಣುತ್ತದೆ. 1845ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಇದನ್ನು ಕಂಡು ಬರೆದಿಟ್ಟ. ಅದರ ಕಾರಣ ಬಿಡಿಸಿ, ಆ ಬಗೆಯ ಹೊಳಪಿಗೆ ಹೆಸರು ಕೊಟ್ಟವನು ಸ್ಟೋಕ್ಸ್, 1852ರಲ್ಲಿ.

ಅಜ್ಜಿಯ ಹತ್ತಿರ ಒಂದು ಪ್ರಶ್ನೆ ಕೇಳಿ: ಅದನ್ನು ನಾಲ್ಕು ದಿನ ತಿಂದ ಮೇಲೆ ಕಿವಿಯಲ್ಲಿ ಏನಾದರೂ ಆಗುತ್ತಿತ್ತಾ? ಉತ್ತರ ಬಂದ ಮೇಲೆ ಉಳಿದದ್ದು ಹೇಳುತ್ತೇನೆ.

ಇತಿಹಾಸದ ವಿದ್ಯಾರ್ಥಿನಿ

ಮರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅದು ಸಿಂಕೋನಾ. ಹುಟ್ಟೂರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಪೂರ್ವದ ಇಳಿಜಾರು, ಅಂದರೆ ಇಂದಿನ ಈಕ್ವೆಡಾರ್, ಪೆರು, ಬೊಲಿವಿಯಾ. ಮೋಡ ಕವಿದ, ಸದಾ ಒದ್ದೆಯಾದ ಕಾಡಿನ ಮರ. ಅಲ್ಲಿನ ಜನ ಇದರ ತೊಗಟೆಯನ್ನು ಬಳಸುತ್ತಿದ್ದರು. ಅವರಿಂದ ಜೆಸುಯಿಟ್ ಪಾದ್ರಿಗಳಿಗೆ ಗೊತ್ತಾಯಿತು. ಲಿಮಾ ನಗರದ ಜೆಸುಯಿಟ್ ಮಠದಲ್ಲಿ ಔಷಧಾಲಯ ನೋಡಿಕೊಳ್ಳುತ್ತಿದ್ದ ಅಗೊಸ್ತಿನೊ ಸಾಲುಂಬ್ರಿನೊ ಎಂಬಾತ 1630ರ ದಶಕದಲ್ಲಿ ಅದನ್ನು ರೋಮ್‌ಗೆ ಕಳಿಸಿದ. ಆಗಿನ ರೋಮ್ ಅಂದರೆ ನಮ್ಮ ಮಲೆನಾಡಿನ ಹಾಗೆಯೇ ಚಳಿಜ್ವರದ ತವರು. ಸುತ್ತ ಜೌಗು, ಬೇಸಿಗೆ ಬಂತೆಂದರೆ ಸಾವು. ‘ಮಲೇರಿಯಾ’ ಅನ್ನುವ ಪದವೇ ಇಟಾಲಿಯನ್ನಿನ ‘ಕೆಟ್ಟ ಗಾಳಿ’.

ಒಂದು ಕಟ್ಟುಕಥೆಯನ್ನು ಇಲ್ಲೇ ನಿಲ್ಲಿಸಿಬಿಡೋಣ. ಪೆರುವಿನ ವೈಸರಾಯನ ಹೆಂಡತಿ, ಚಿಂಚೋನ್ ಸಂಸ್ಥಾನದ ಕೌಂಟೆಸ್, ಈ ತೊಗಟೆಯಿಂದ ಗುಣವಾಗಿ ಅದನ್ನು ಯುರೋಪಿಗೆ ತಂದಳು ಅಂತ ಶಾಲಾ ಪುಸ್ತಕಗಳಲ್ಲೂ ಬರುತ್ತದೆ. ಈ ಕಥೆ ಅಚ್ಚಾದದ್ದು 1663ರಲ್ಲಿ. ಆ ಮನೆಯ ದಿನಚರಿಯನ್ನೇ ತೆಗೆದು ನೋಡಿದಾಗ ಇಂಥದ್ದೇನೂ ನಡೆದೇ ಇಲ್ಲ ಅಂತ ತಿಳಿಯಿತು. ಅಷ್ಟರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ 1742ರಲ್ಲಿ ಮರಕ್ಕೆ ಅವಳ ಹೆಸರನ್ನೇ ಇಟ್ಟಾಗಿತ್ತು, ಅದೂ ಒಂದಕ್ಷರ ತಪ್ಪಿಸಿ. ತೊಗಟೆಯ ಗುಣ ಕಂಡುಕೊಂಡವರ ಹೆಸರು ಮರಕ್ಕೂ ಬರಲಿಲ್ಲ, ಪುಸ್ತಕಕ್ಕೂ ಬರಲಿಲ್ಲ. ನನಗೆ ಸಂಕಟವಾಗುವುದು ಇಲ್ಲಿ.

ವೈದ್ಯರ ಮನೆತನ

ಚಳಿಜ್ವರದ ಚರಿತ್ರೆ ಅಂದರೆ ಪೆರುವಿನಿಂದಲೇ ಶುರುವಾಗಬೇಕಾ? ನಮ್ಮ ತಂದೆ, ತಾತ ಎಲ್ಲ ನಾಟಿ ಮತ್ತು ಆಯುರ್ವೇದ ಎರಡನ್ನೂ ನಡೆಸಿದವರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಜ್ವರದ ಅಧ್ಯಾಯ ತೆಗೆಯಿರಿ. ವಿಷಮಜ್ವರ ಐದು ಬಗೆ ಅಂತಿದೆ: ಬಿಡದೇ ಇರುವ ಸಂತತ, ದಿನಕ್ಕೆರಡು ಸಲ ಏರುವ ಸತತ, ದಿನಕ್ಕೊಮ್ಮೆ ಬರುವ ಅನ್ಯೇದ್ಯುಷ್ಕ, ದಿನ ಬಿಟ್ಟು ದಿನ ಬರುವ ತೃತೀಯಕ, ಎರಡು ದಿನ ಬಿಟ್ಟು ಬರುವ ಚತುರ್ಥಕ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ರೋಗಿಯ ಹಾಸಿಗೆಯ ಪಕ್ಕ ಕೂತು ದಿನ ಎಣಿಸಿ ಕಂಡುಕೊಂಡದ್ದು ಇದು. ಇದನ್ನು ಬಿಟ್ಟು ಬರೆದರೆ ಚರಿತ್ರೆ ಅರ್ಧವೇ.

ಇತಿಹಾಸದ ವಿದ್ಯಾರ್ಥಿನಿ

ಒಪ್ಪಿದೆ ಸರ್, ಅದನ್ನು ಮೊದಲೇ ಹೇಳಬೇಕಿತ್ತು. ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನ ಗ್ರಂಥಗಳಲ್ಲೂ ಇದೇ ದಿನದ ಲೆಕ್ಕ ಇದೆ. ನಿಂತ ನೀರು ಕುಡಿಯುವ ಊರಿನವರಿಗೆ ಗುಲ್ಮ ಊದುತ್ತದೆ ಅಂತಲೂ ಅಲ್ಲಿದೆ. ಹೆಂಚಿನಮನೆಯವರ ಅಜ್ಜಿ ಹೇಳಿದ ಜ್ವರಗಡ್ಡೆ ಅದೇ. ಎರಡು ನಾಡಿನವರೂ ರೋಗವನ್ನು ಬಹಳ ಚೆನ್ನಾಗಿ ಓದಿದ್ದರು. ಆದರೆ ಜ್ವರ ಬರುವ ದಿನವನ್ನು ಲೆಕ್ಕ ಹಾಕಿದ್ದು ಒಂದು ಕೆಲಸ, ಆ ದಿನ ಜ್ವರ ಬಾರದ ಹಾಗೆ ತಡೆದದ್ದು ಇನ್ನೊಂದು. ಸಿಂಕೋನಾ ಮಾಡಿದ್ದು ಎರಡನೆಯದನ್ನು.

ಬೀದಿ ಕೊನೆ ಮನೆ

ಈ ಚರ್ಚೆ ಓದುತ್ತಾ ಕಾಫಿ ಆರಿಹೋಯಿತು. ಮುಂದುವರಿಸಿ.

ಹಳೇ ಕಾಂಪೌಂಡರ್

ಮೇಲಿನ ಮಾತನ್ನು ನನ್ನ ಕಸುಬಿನ ಕಡೆಯಿಂದ ಹೇಳುತ್ತೇನೆ. ತೊಗಟೆ ಯುರೋಪಿಗೆ ಬಂದು ಇನ್ನೂರು ವರ್ಷವಾಗುತ್ತಾ ಬಂದರೂ ಅದನ್ನು ನಂಬಬೇಕೋ ಬೇಡವೋ ಅನ್ನುವ ಜಗಳ ನಿಂತಿರಲಿಲ್ಲ. ಒಬ್ಬನಿಗೆ ಒಂದೇ ವಾರದಲ್ಲಿ ಗುಣ, ಪಕ್ಕದವನಿಗೆ ಏನೂ ಇಲ್ಲ. ಕಾರಣ ಸರಳ: ಎಲ್ಲ ತೊಗಟೆಯೂ ಒಂದೇ ಅಲ್ಲ. ಒಂದು ಜಾತಿಯ ಮರದಲ್ಲಿ ಸಾರ ತೀರಾ ಕಮ್ಮಿ, ಇನ್ನೊಂದರಲ್ಲಿ ನೂರಕ್ಕೆ ಹತ್ತಕ್ಕಿಂತ ಮೇಲೆ. ಅದರ ಮೇಲೆ ಕಲಬೆರಕೆ ಬೇರೆ. ಕಹಿ ಇದ್ದರೆ ಸಾಕು ಅಂತ ಬೇರೆ ಮರದ ತೊಗಟೆಗೆ ಲೋಳೆಸರದ ಕಹಿ ಹಿಡಿಸಿ ಮಾರುತ್ತಿದ್ದರು. ಇಂಗ್ಲೆಂಡಿನ ರಾಬರ್ಟ್ ಟಾಲ್ಬರ್ ಎಂಬಾತ, ಪಾದ್ರಿಗಳ ಪುಡಿ ಅಪಾಯ ಅಂತ ಬಾಯಲ್ಲಿ ಹೇಳುತ್ತಾ, ಅದನ್ನೇ ವೈನಿನಲ್ಲಿ ಬೆರೆಸಿ ‘ಗುಟ್ಟಿನ ಮದ್ದು’ ಮಾಡಿ ದೊರೆ ಎರಡನೇ ಚಾರ್ಲ್ಸನನ್ನೇ ಗುಣಪಡಿಸಿದ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಹಣ ಕೊಟ್ಟು ಆ ಗುಟ್ಟು ಕೊಂಡ. ಟಾಲ್ಬರ್ ಸತ್ತ ಮೇಲೆ, 1682ರಲ್ಲಿ, ಅದನ್ನು ಅಚ್ಚು ಹಾಕಿಸಿದಾಗ ಜನಕ್ಕೆ ಗೊತ್ತಾಯಿತು, ಒಳಗಿದ್ದದ್ದು ಅದೇ ತೊಗಟೆ!

ಇದಕ್ಕೆಲ್ಲ ಕೊನೆ ಹಾಡಿದವರು ಇಬ್ಬರು ಔಷಧ ತಯಾರಕರು. ಡಾಕ್ಟರಲ್ಲ, ನಮ್ಮ ಕಸುಬಿನವರು. ಪ್ಯಾರಿಸ್ಸಿನ ಪೆಲೆಟಿಯೇ ಮತ್ತು ಕವೆಂಟು, 1820. ತೊಗಟೆಯಲ್ಲಿರುವ ಕಹಿಯ ಸಾರವನ್ನು ಬೇರೆ ಮಾಡಿ ಅದಕ್ಕೆ ಕ್ವಿನೈನ್ ಅಂತ ಹೆಸರಿಟ್ಟರು. ಮಾಡುವ ವಿಧಾನವನ್ನು ತಮ್ಮದೇ ಸ್ವತ್ತು ಮಾಡಿಕೊಳ್ಳದೆ ಬಿಚ್ಚಿ ಹೇಳಿದರು. ಮುಂದೆ ಕಾರ್ಖಾನೆಗಳಲ್ಲಿ ನಡೆದ ಕ್ರಮ ಹೀಗೆ: ತೊಗಟೆಯ ಪುಡಿಗೆ ಸುಣ್ಣ ಕಲಸುವುದು, ಆಗ ಸಾರ ಬಿಡಿಸಿಕೊಳ್ಳುತ್ತದೆ. ಬಿಸಿ ಎಣ್ಣೆ ಅದನ್ನು ಎಳೆದುಕೊಳ್ಳುತ್ತದೆ. ಆ ಎಣ್ಣೆಯನ್ನು ಗಂಧಕಾಮ್ಲದ ನೀರಿನ ಜೊತೆ ಕಲಕಿದರೆ ಸಾರ ನೀರಿಗೆ ಇಳಿಯುತ್ತದೆ. ನೀರು ಆರುತ್ತಾ ಬಂದಂತೆ ತಳದಲ್ಲಿ ರೇಷ್ಮೆ ನೂಲಿನಂಥ ಬಿಳಿ ಸೂಜಿಗಳು.

ಆ ಸೂಜಿಗಳನ್ನು ತೂಗಬಹುದು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡ ವಿಷಯ ಇದೇ. ಇಂದಿನ ರೋಗಿಗೂ ನಾಳಿನ ರೋಗಿಗೂ ಒಂದೇ ತೂಕ, ಊರಿನವನಿಗೂ ದೊರೆಗೂ ಒಂದೇ ತೂಕ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಮೊದಲು ಕಲಿಸಿದ್ದು ಔಷಧದ ಹೆಸರನ್ನಲ್ಲ, ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಹಿಡಿಯುವುದನ್ನು.

ಬಂಟ್ವಾಳದವ

ನಮ್ಮ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಪಾಲೆದ ಕೆತ್ತೆಯ (ಪಾಲೆ ಮರದ ತೊಗಟೆಯ) ಕಷಾಯ ಕುಡಿಯುವುದುಂಟು. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದಕ್ಕೆ ಹಾಕಿದರೆ ಚುಂಯ್ ಅನ್ನುತ್ತದೆ. ಕಹಿ ಅಂದರೆ ಕಹಿ. ಆಮೇಲೆ ಮೆಂತೆ ಗಂಜಿ. ಅಜ್ಜ ಹೇಳುತ್ತಿದ್ದರು ಇದು ನಮ್ಮ ಕ್ವಿನೈನ್ ಅಂತ. ಹೌದಾ?

ಹಳೇ ಕಾಂಪೌಂಡರ್

ಪಾಲೆ, ನಾವು ಹಾಲೆ ಅನ್ನುವ ಮರ. ನಿಮ್ಮ ಅಜ್ಜ ಒಬ್ಬರೇ ಅಲ್ಲ, ಹತ್ತೊಂಬತ್ತನೇ ಶತಮಾನದ ದೊಡ್ಡ ದೊಡ್ಡ ವೈದ್ಯರೂ ಇದನ್ನು ಕ್ವಿನೈನಿಗೆ ಬದಲಿ ಅಂತ ಆಸೆಯಿಂದ ನೋಡಿದರು. ಫಿಲಿಪೀನ್ಸ್‌ನಲ್ಲಿ ಇದರ ಸಾರ ತೆಗೆದು ‘ಡಿಟಾಯಿನ್’ ಅಂತ ಮಾರಿದರು. ಆದರೆ ಮಲೇರಿಯಾ ರೋಗಾಣುವನ್ನು ಕ್ವಿನೈನಿನ ಹಾಗೆ ಕೊಲ್ಲುತ್ತದೆ ಅಂತ ಸಾಬೀತಾಗಲಿಲ್ಲ. ವರ್ಷಕ್ಕೊಮ್ಮೆ ಹಿರಿಯರ ನೆನಪಲ್ಲಿ ಕುಡಿಯುವುದು ಬೇರೆ, ಜ್ವರ ಬಂದಾಗ ಅದನ್ನೇ ನಂಬಿ ಕೂರುವುದು ಬೇರೆ.

ಇನ್ನೊಂದು ಮಾತು ಕಾಳಜಿಯಿಂದ ಹೇಳುತ್ತೇನೆ. ಕತ್ತಲಲ್ಲಿ ಪಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಜೀವಕ್ಕೇ ಸಂಚಕಾರ. ಮರವನ್ನು ಹಗಲಿನಲ್ಲೇ ನೋಡಿ ಗುರುತು ಮಾಡಿಟ್ಟುಕೊಳ್ಳಿ. ಕಾಸರಕದ ಜಾತಿಯ ಗಿಡಗಳ ವಿಷ ಸ್ಟ್ರಿಕ್ನಿನ್. ಅದನ್ನು ಮೊದಲು ಬೇರೆ ಮಾಡಿ ತೋರಿಸಿದವರು ಯಾರು ಗೊತ್ತಾ? ಅದೇ ಪೆಲೆಟಿಯೇ, ಕವೆಂಟು. 1818ರಲ್ಲಿ, ಕ್ವಿನೈನಿಗೆ ಎರಡು ವರ್ಷ ಮೊದಲು. ಎರಡೂ ಕಹಿ, ಎರಡೂ ಬಿಳಿ. ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ.

ಬಂಟ್ವಾಳದವ

ಹಗಲೇ ನೋಡಿ ಮರಕ್ಕೆ ಹಗ್ಗ ಕಟ್ಟಿ ಬರುವ ಕ್ರಮ ನಮ್ಮ ಮನೆಯಲ್ಲಿ ಉಂಟು. ಯಾಕೆ ಅಂತ ಈಗ ಅರ್ಥ ಆಯಿತು.

ನೀಲಗಿರಿ ಕನ್ನಡಿಗ

ಸಿಂಕೋನಾ ನಮ್ಮ ಬೆಟ್ಟಕ್ಕೆ ಬಂದ ಕಥೆ ನಾನು ಹೇಳದಿದ್ದರೆ ಆಗದು. ಊಟಿಯ ದೊಡ್ಡಬೆಟ್ಟ (ಹೆಸರೇ ಹೇಳುತ್ತದೆ, ಇಲ್ಲಿನ ಮಾತು ನಮಗೆಷ್ಟು ಹತ್ತಿರ ಅಂತ) ಮತ್ತು ನಡುವಟ್ಟದಲ್ಲಿ 1860ರ ದಶಕದಲ್ಲಿ ಸರ್ಕಾರಿ ಸಿಂಕೋನಾ ತೋಟ ಎದ್ದಿತು. ಬ್ರಿಟಿಷರ ಪರವಾಗಿ ಕ್ಲೆಮೆಂಟ್ಸ್ ಮಾರ್ಕಂ ಎಂಬಾತ 1860ರಲ್ಲಿ ಆಂಡಿಸ್ಸಿಗೆ ಹೋದ. ಅವನ ಜೊತೆಗಾರ ರಿಚರ್ಡ್ ಸ್ಪ್ರೂಸ್ ಈಕ್ವೆಡಾರ್ ಕಾಡಿನಲ್ಲಿ ಕೆಂಪು ತೊಗಟೆಯ ಜಾತಿಯ ಬೀಜ, ಸಸಿ ಕೂಡಿಸಿದ. ಬದುಕಿ ಉಳಿದವು ಊಟಿಗೆ ಬಂದವು.

ಇಲ್ಲಿ ಅದನ್ನು ಬೆಳೆಸಿದವನು ಮೆಕೈವರ್, ಊಟಿಯ ಸಸ್ಯೋದ್ಯಾನ ಕಟ್ಟಿದವನೇ. ಅವನು ಕಂಡುಕೊಂಡ ಒಂದು ಉಪಾಯ ನನಗೆ ಬಹಳ ಇಷ್ಟ. ತೊಗಟೆಗಾಗಿ ಮರ ಕಡಿದರೆ ಮರ ಹೋಯಿತು. ಅದಕ್ಕೆ ಅವನು ಕಾಂಡದಿಂದ ಉದ್ದುದ್ದ ಪಟ್ಟಿಯಾಗಿ ತೊಗಟೆ ಸುಲಿದು, ನಡುನಡುವೆ ಪಟ್ಟಿ ಬಿಟ್ಟು, ಗಾಯದ ಮೇಲೆ ಒದ್ದೆ ಪಾಚಿ ಸುತ್ತಿ ಕಟ್ಟಿಸಿದ. ಪಾಚಿಯಡಿ ಹೊಸ ತೊಗಟೆ ಬಂತು, ಮತ್ತೆ ಸುಲಿಯಬಹುದು. ಮನುಷ್ಯನ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಮರಕ್ಕೆ.

ಮದ್ರಾಸಿನಲ್ಲಿ 1866ರಿಂದ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ನಡೆಯಿತು. ತೊಗಟೆಯಲ್ಲಿ ಕ್ವಿನೈನ್ ಒಂದೇ ಅಲ್ಲ, ಕ್ವಿನಿಡಿನ್, ಸಿಂಕೋನಿನ್, ಸಿಂಕೋನಿಡಿನ್ ಅಂತ ಇನ್ನೂ ಮೂರು ಸಾರ ಇವೆ. ನಾಲ್ಕನ್ನೂ ಬೇರೆ ಬೇರೆ ರೋಗಿಗಳಿಗೆ ಕೊಟ್ಟು ನೋಡಿದರು. ಹೆಚ್ಚುಕಮ್ಮಿ ನಾಲ್ಕೂ ಕೆಲಸ ಮಾಡಿದವು. ಅಂದಮೇಲೆ ಬಡವರಿಗೆ ಅಗ್ಗದ ಬೆರಕೆ ಸಾರವೇ ಸಾಕು ಅನ್ನುವ ದಾರಿ ತೆರೆಯಿತು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಯಲ್ಲೇ ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಸಿಗುತ್ತಿತ್ತು. ಹೆಂಚಿನಮನೆಯವರ ಮುತ್ತಜ್ಜ ಎಲ್ಲಿಂದ ತಂದರೋ, ಒಂದು ಸಲಕ್ಕೆ ಒಂದು ಪೊಟ್ಟಣ ಅನ್ನುವ ರೂಢಿ ಆ ಕಾಲದ್ದೇ.

ಇವತ್ತು ನಡುವಟ್ಟದಲ್ಲಿ ನೋಡಿದ ಕಡೆ ಟೀ. ಹಳೇ ಸಿಂಕೋನಾ ಮರಗಳು ಅಲ್ಲೊಂದು ಇಲ್ಲೊಂದು. ಎಲೆಯ ಕೆಂಪು ನರ ನೋಡಿ ಗುರುತು ಹಿಡಿಯಬೇಕು.

ಇತಿಹಾಸದ ವಿದ್ಯಾರ್ಥಿನಿ

ಒಂದು ಹೆಸರು ಈ ಚರ್ಚೆಯಲ್ಲಿ ಬರಲೇಬೇಕು: ಮಾನುವೆಲ್ ಇಂಕ್ರಾ ಮಮಾನಿ. ಬೊಲಿವಿಯಾದ ಐಮಾರಾ ಜನಾಂಗದವನು. ಕಾಡಿನಲ್ಲಿ ನಿಂತು, ಯಾವ ಮರದ ತೊಗಟೆಯಲ್ಲಿ ಸತ್ವ ಇದೆ ಅಂತ ನೋಡಿಯೇ ಹೇಳಬಲ್ಲವನು. ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿಗೆ ಒಳ್ಳೆಯ ಬೀಜ ತಂದುಕೊಡುತ್ತೇನೆ ಅಂತ ಮಾತು ಕೊಟ್ಟ. ವರ್ಷ ವರ್ಷವೂ ಹಿಮ ಬಿದ್ದು ಬೀಜ ಕೆಟ್ಟುಹೋಯಿತು. ಅವನು ಕಾಡು ಬಿಡಲಿಲ್ಲ. 1865ರಲ್ಲಿ ಬೀಜ ತಂದುಕೊಟ್ಟ. ಬ್ರಿಟಿಷ್ ಸರ್ಕಾರ ಆ ಬೀಜ ಬೇಡ ಅಂದಿತು. ಡಚ್ಚರು ಒಂದು ಪೌಂಡ್ ಕೊಂಡು ಜಾವಾ ದ್ವೀಪದಲ್ಲಿ ಬಿತ್ತಿದರು. ಆ ಮರಗಳ ತೊಗಟೆಯಲ್ಲಿ ಶೇ. 13ರವರೆಗೂ ಕ್ವಿನೈನ್! ನೀಲಗಿರಿಯ ಕೆಂಪು ತೊಗಟೆ ಅದರ ಹತ್ತಿರಕ್ಕೂ ಬರುವ ಹಾಗಿರಲಿಲ್ಲ. 1930ರ ದಶಕದ ಹೊತ್ತಿಗೆ ಲೋಕದ ಕ್ವಿನೈನಿನಲ್ಲಿ ಶೇ. 90ಕ್ಕೂ ಹೆಚ್ಚು ಜಾವಾದ್ದು.

ಆ ಜಾತಿಗೆ ಇಟ್ಟ ಹೆಸರು ಲೆಡ್ಜರನದು. ಮಮಾನಿ ಮತ್ತೆ ಬೀಜಕ್ಕೆ ಹೋದಾಗ ಅವನನ್ನು ಹಿಡಿದು ಸೆರೆಮನೆಗೆ ಹಾಕಿ ಹೊಡೆದರು. ಅದರಿಂದಲೇ ಅವನು ಸತ್ತ.

ಬೀದಿ ಕೊನೆ ಮನೆ

ಮಮಾನಿ. ಈ ಹೆಸರು ನಾನು ಕೇಳಿದ್ದು ಇವತ್ತೇ ಮೊದಲು.

ಸ್ಲೈಡ್ ನೋಡುವವಳು

ನಾನು ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ದಿನಾ ಮಲೇರಿಯಾ ಸ್ಲೈಡ್ ನೋಡುವುದೇ ಕೆಲಸ. ಬೆರಳ ತುದಿಯ ಒಂದು ಹನಿ ರಕ್ತ, ಗಾಜಿನ ಮೇಲೆ ತೆಳ್ಳಗೆ ಎಳೆದು, ಜೆಎಸ್‌ಬಿ ಬಣ್ಣ ಹಾಕುತ್ತೇವೆ. ಆ ಬಣ್ಣ ನಮ್ಮ ದೇಶದ್ದೇ, ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಅವರ ಹೆಸರಿನದು. ಕೆಂಪು ಕಣದೊಳಗೆ ಸಣ್ಣ ಉಂಗುರ, ಅದಕ್ಕೊಂದು ಕೆಂಪು ಚುಕ್ಕಿ, ಕಲ್ಲಿನ ಉಂಗುರದ ಹಾಗೆ. ಫಾಲ್ಸಿಪಾರಂ (ಮಲೇರಿಯಾದ ಹೆಚ್ಚು ಅಪಾಯದ ಬಗೆ) ಆದರೆ ಕೆಲವು ಸಲ ಬಾಳೆಹಣ್ಣಿನ ಆಕಾರ. ಅದು ಕಂಡರೆ ಸ್ಲೈಡ್ ಇನ್ನೊಬ್ಬರಿಗೂ ತೋರಿಸಿ, ಡಾಕ್ಟರಿಗೆ ಕೂಡಲೇ ಫೋನ್ ಮಾಡುತ್ತೇನೆ.

ಈ ರೋಗಾಣುವನ್ನು ಮೊದಲು ಕಂಡವರು ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್, 1880ರ ನವೆಂಬರ್ 6, ಅಲ್ಜೀರಿಯಾದಲ್ಲಿ, ಬಣ್ಣವೇ ಹಾಕದ ರಕ್ತದಲ್ಲಿ. ಅಂದರೆ ತೊಗಟೆ ಯುರೋಪಿಗೆ ಬಂದು ಸುಮಾರು ಎರಡೂವರೆ ಶತಮಾನದ ಮೇಲೆ, ಅದು ಕೊಲ್ಲುತ್ತಿದ್ದದ್ದು ಏನನ್ನು ಅಂತ ಗೊತ್ತಾಯಿತು!

ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡುಹಿಡಿದ ರೊನಾಲ್ಡ್ ರಾಸ್ ವಿಷಯ ಎಲ್ಲರಿಗೂ ಗೊತ್ತು, 1897ರ ಆಗಸ್ಟ್ 20, ಸಿಕಂದರಾಬಾದ್. ಆದರೆ ಅವರಿಗೆ ಸೊಳ್ಳೆಯ ಗೀಳು ಹತ್ತಿದ್ದು ಬೆಂಗಳೂರಿನಲ್ಲಿ. 1883ರಲ್ಲಿ ದಂಡಿನ ವೈದ್ಯರಾಗಿ ಬಂದಾಗ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಮಿಜಿಗುಡುತ್ತಿದ್ದವು. ಪೀಪಾಯಿ ಬಗ್ಗಿಸಿ ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ಬೇರೆ ಕಡೆಯ ನೀರನ್ನೂ ಚೆಲ್ಲಿಸೋಣ ಅಂದರೆ ಅಲ್ಲಿನ ಸೇನಾಧಿಕಾರಿ ಒಪ್ಪಲಿಲ್ಲ, ಅದು ಸೃಷ್ಟಿಯ ಕ್ರಮಕ್ಕೆ ವಿರುದ್ಧ ಅಂದನಂತೆ. ನಾನು ಮನೆಮನೆ ಸಮೀಕ್ಷೆಗೆ ಹೋದಾಗ ತಾರಸಿಯ ಟ್ಯಾಂಕ್ ಮುಚ್ಚಿ ಅಂದರೆ ಇವತ್ತಿಗೂ ಜನ ಮುಖ ತಿರುಗಿಸುತ್ತಾರೆ.

ಸಿಕಂದರಾಬಾದಿನ ರೋಗಿ ಹುಸೇನ್ ಖಾನ್. ಒಂದು ಸೊಳ್ಳೆ ಕಚ್ಚಿಸಿಕೊಂಡರೆ ಒಂದಾಣೆ ಕೂಲಿ. ಅವನ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲೇ ರಾಸ್ ರೋಗಾಣುವಿನ ಗಂಟುಗಳನ್ನು ಕಂಡದ್ದು. ಮಮಾನಿಯ ಪಕ್ಕ ಅವನ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಹೆಂಚಿನಮನೆ

ಎರಡು ದಿನ ನೆಟ್‌ವರ್ಕ್ ಇರಲಿಲ್ಲ. ಅಜ್ಜಿಯ ಹತ್ತಿರ ಕೇಳಿದೆ. “ಕಿವೀಲಿ ಜೀರುಂಡೆ ಕೂಗಿದ ಹಾಗೆ ಆಗ್ತಿತ್ತು. ಅಮ್ಮ ಕರೆದರೂ ಕೇಳ್ತಿರಲಿಲ್ಲ” ಅಂದರು. ಬಾಳೆಹಣ್ಣಿನ ಒಳಗೆ ಇಟ್ಟು ನುಂಗಿಸುತ್ತಿದ್ದರಂತೆ, ಆದರೂ ಕಹಿ ಗಂಟಲಲ್ಲೇ ಕೂರುತ್ತಿತ್ತಂತೆ. ನೀಲಿಯ ಪರೀಕ್ಷೆ ಇನ್ನೂ ಮಾಡಿಲ್ಲ, ಇಲ್ಲಿ ಬಿಸಿಲೇ ಇಲ್ಲ.

ಹಳೇ ಕಾಂಪೌಂಡರ್

ಜೀರುಂಡೆ! ಹಾಗಾದರೆ ಅಜ್ಜಿಗೆ ಕೊಟ್ಟದ್ದು ಕ್ವಿನೈನೇ. ತೊಗಟೆಯ ಸಾರ ಮೈಗೆ ಹತ್ತಿದ ಗುರುತು ಅದು. ಹಿಂದಿನ ವೈದ್ಯರು ಕಿವಿ ಗುಂಯ್‌ಗುಡುವ ತನಕ ಕೊಡುತ್ತಿದ್ದರು.

ಈಗ ಬೀಗದ ಪ್ರಶ್ನೆ. ಅಜ್ಜಿಗೆ 88 ಅಂದರೆ ಅವರ ಜ್ವರದ ಕಾಲ 1940ರ ದಶಕ. 1942ರ ಮಾರ್ಚಿನಲ್ಲಿ ಜಪಾನ್ ಜಾವಾವನ್ನು ಹಿಡಿಯಿತು. ಮೇಲೆ ಬರೆದಿದ್ದಾರಲ್ಲ, ಲೋಕದ ಶೇ. 90 ಕ್ವಿನೈನ್ ಅಲ್ಲಿಂದ ಬರುತ್ತಿತ್ತು ಅಂತ. ಒಂದೇ ಏಟಿಗೆ ಅದು ಬಂದ್. ನಮ್ಮಲ್ಲಿ ನೀಲಗಿರಿ ಮತ್ತು ಡಾರ್ಜಿಲಿಂಗ್ ಕಡೆಯದ್ದು ಇತ್ತು, ಆದರೆ ದೇಶಕ್ಕೆ ಸಾಕಾಗುವಷ್ಟಲ್ಲ, ಅದರಲ್ಲೂ ಸೈನ್ಯಕ್ಕೆ ಮೊದಲ ಪಾಲು. ಆಗ ಚಳಿಜ್ವರದ ಊರಿನ ಮನೆಯಲ್ಲಿ ಕ್ವಿನೈನ್ ಪೊಟ್ಟಣ ಚಿನ್ನಕ್ಕಿಂತ ಕಮ್ಮಿಯದಾಗಿರಲಿಲ್ಲ. ನಿಮ್ಮ ಮುತ್ತಜ್ಜ ಅದನ್ನು ಸರದ ಜೊತೆ ಇಟ್ಟದ್ದು ಸರಿಯಾಗಿಯೇ ಇದೆ.

ಬದಲಿ ಹುಡುಕಾಟ ಜರ್ಮನಿಯಲ್ಲಿ ಮೊದಲೇ ನಡೆದಿತ್ತು. ಮೆಪಾಕ್ರಿನ್ ಬಂತು, ತಿಂದವರ ಚರ್ಮವೇ ಹಳದಿ ತಿರುಗುತ್ತಿತ್ತು. 1934ರಲ್ಲಿ ಹ್ಯಾನ್ಸ್ ಆಂಡರ್ಸಾಗ್ ತಯಾರಿಸಿದ್ದೇ ಕ್ಲೋರೋಕ್ವಿನ್. ವಿಷ ಹೆಚ್ಚು ಅಂತ ಅದನ್ನು ಬದಿಗಿಟ್ಟರು, ಅದು ತಪ್ಪು ಲೆಕ್ಕ. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದವರು ಮತ್ತೆ ಪರೀಕ್ಷಿಸಿ ಬಳಕೆಗೆ ತಂದರು. ನಾನು ಕೌಂಟರಿಗೆ ಬಂದ ಕಾಲಕ್ಕೆ ಅದರದೇ ರಾಜ್ಯ.

ಶಿರಸಿ ಸೀಮೆ

ನಮ್ಮ ಕಡೆಯದ್ದೂ ಸೇರಿಸಿ. 1946ರ ಹೊತ್ತಿಗೆ, ನಾವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಡಿ. ಕೆ. ವಿಶ್ವನಾಥನ್ ಅವರ ತಂಡ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗೆ ಡಿಡಿಟಿ ಹೊಡೆಸಿತು. ದೇಶದಲ್ಲೇ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ನಮ್ಮ ತೋಟದ ತೊರೆಗಳ ಅಂಚಿನ ತಿಳಿನೀರಿನಲ್ಲೇ ಹುಟ್ಟುವ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್, ಮಲೆನಾಡನ್ನು ಕಾಡಿದ್ದು ಅದು. ಅದು ರಕ್ತ ಕುಡಿದು ಗೋಡೆಯ ಮೇಲೆ ಕೂರುತ್ತದೆ, ಗೋಡೆಯ ಮದ್ದು ತಾಗಿ ಸಾಯುತ್ತದೆ.

ಅಪ್ಪ ಹೇಳುತ್ತಿದ್ದರು: ಪಂಪು ಹೊತ್ತವರು ಬಂದ ದಿನ ಪಾತ್ರೆ ಪಗಡೆ ಎಲ್ಲ ಅಂಗಳಕ್ಕೆ. ಹೊಡೆದು ಮುಗಿದ ಮೇಲೆ ಬಾಗಿಲ ಪಕ್ಕ ಅಚ್ಚಿಟ್ಟು ತಾರೀಖು ಬರೆದು ಹೋಗುತ್ತಿದ್ದರು. ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಆ ಗುರುತು ಮೊನ್ನೆ ಮೊನ್ನೆಯ ತನಕ ಇತ್ತು, ಸುಣ್ಣ ಬಳಿಯುವಾಗ ಹೋಯಿತು. ಉಳಿಸಿಕೊಳ್ಳಬೇಕಿತ್ತು.

1953ರಲ್ಲಿ ದೇಶದ ಮಲೇರಿಯಾ ಕಾರ್ಯಕ್ರಮ ಶುರುವಾದಾಗ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, 8 ಲಕ್ಷ ಸಾವು ಅಂತ ಅಂದಾಜಿತ್ತು. 1961ಕ್ಕೆ ರೋಗಿಗಳ ಲೆಕ್ಕ ಸುಮಾರು 50 ಸಾವಿರಕ್ಕೆ ಇಳಿಯಿತು. ಗೆದ್ದೆವು ಅಂದುಕೊಂಡು ಕೈಬಿಟ್ಟರು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ಕ್ಕೆ 64 ಲಕ್ಷ.

ವೈದ್ಯರ ಮನೆತನ

ನಿನ್ನೆ ರಾತ್ರಿ ಬಹಳ ಹೊತ್ತು ಒಂದು ವಿಷಯ ಓದುತ್ತಾ ಕೂತಿದ್ದೆ, ಮೊದಲು ಬರೆದದ್ದಕ್ಕೆ ಸೇರಿಸಬೇಕು.

1967ರ ಮೇ 23ರಂದು ಚೀನಾ ಸರ್ಕಾರ ಮಲೇರಿಯಾ ಮದ್ದಿಗಾಗಿ ಗುಟ್ಟಾದ ಯೋಜನೆ ಹೂಡಿತು, ವಿಯೆಟ್ನಾಂ ಯುದ್ಧದ ಸಲುವಾಗಿ. ಅಷ್ಟು ಹೊತ್ತಿಗೆ ಅಲ್ಲಿ ಕ್ಲೋರೋಕ್ವಿನ್‌ಗೆ ರೋಗಾಣು ಜಗ್ಗುತ್ತಿರಲಿಲ್ಲ. ಬೀಜಿಂಗಿನ ತು ಯೂಯೂ ಎಂಬಾಕೆ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿ ಮದ್ದು ಮಾಡುವ 2,000 ವಿಧಾನಗಳನ್ನು ಕೂಡಿಸಿದರು. ಚಿಂಗ್‌ಹಾವ್ ಎಂಬ ಮಾಚಿಪತ್ರೆಯ ಜಾತಿಯ ಸೊಪ್ಪು ಒಮ್ಮೆ ಫಲ ಕೊಟ್ಟಿತು, ಮತ್ತೊಮ್ಮೆ ಇಲ್ಲ. ಆಗ ನಾಲ್ಕನೇ ಶತಮಾನದ ಗೆ ಹೋಂಗ್ ಎಂಬ ವೈದ್ಯನ ಗ್ರಂಥಕ್ಕೆ ಹಿಂದಿರುಗಿದರು. ಅಲ್ಲಿದ್ದದ್ದು ಇಷ್ಟೇ: ಒಂದು ಹಿಡಿ ಸೊಪ್ಪು, ಇಷ್ಟು ನೀರಲ್ಲಿ ನೆನೆಸಿ, ಹಿಂಡಿ, ರಸವನ್ನೆಲ್ಲ ಕುಡಿಯುವುದು. ಕುದಿಸು ಅಂತ ಇಲ್ಲ! ನಾವೆಲ್ಲ ಕಷಾಯ ಅಂದರೆ ಕುದಿಸುವುದು ಅಂದುಕೊಂಡವರು. ಬಿಸಿಗೆ ಸತ್ವ ಸಾಯುತ್ತಿತ್ತು. ಆಕೆ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್ 4, ಮಾದರಿ ಸಂಖ್ಯೆ 191: ಇಲಿಗಳ ರಕ್ತದಲ್ಲಿ ರೋಗಾಣು ಒಂದೂ ಉಳಿಯಲಿಲ್ಲ. ರೋಗಿಗಳಿಗೆ ಕೊಡುವ ಮೊದಲು ಆಕೆ, ಸಹೋದ್ಯೋಗಿಗಳು ತಾವೇ ಕುಡಿದು ನೋಡಿದರು. ಆ ಸಾರದಿಂದ ಬೇರೆ ಮಾಡಿದ್ದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್.

ನನ್ನ ತಾತ ಬಿಟ್ಟುಹೋದ ಓಲೆಗರಿಯ ಕಟ್ಟು ಎರಡು ಇವೆ. ನಾನು ಅವಕ್ಕೆ ವಿಜಯದಶಮಿಗೆ ಅರಿಶಿನ ಕುಂಕುಮ ಇಡುತ್ತಾ ಬಂದವನು. ಆಕೆ ಗೆ ಹೋಂಗ್‌ನ ಒಂದು ಸಾಲಿನಲ್ಲಿ ಇಲ್ಲದ ಪದವನ್ನೂ ಓದಿದರು. ಹಾಗೆ ಓದಿ, ತೂಗಿ, ತಪ್ಪಿದ್ದನ್ನು ತಪ್ಪು ಅಂದರೇನೇ ಹಿರಿಯರಿಗೆ ಮರ್ಯಾದೆ. ಕಾಂಪೌಂಡರ್ ಅವರ ತಕ್ಕಡಿಯ ಮಾತು ಈಗ ನನಗೆ ನಾಟಿತು. ಕಟ್ಟು ಬಿಚ್ಚಿದ್ದೇನೆ. ಲಿಪಿ ಓದಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ.

ಇತಿಹಾಸದ ವಿದ್ಯಾರ್ಥಿನಿ

ಸರ್, ಗರಿಗಳ ಫೋಟೋ ಹಾಕಿ. ತಿಗಳಾರಿ ಆಗಿದ್ದರೆ ನಾನು ಓದುತ್ತೇನೆ.

ಸ್ಲೈಡ್ ನೋಡುವವಳು

ಈಗ ಫಾಲ್ಸಿಪಾರಂಗೆ ಆರ್ಟೆಮಿಸಿನಿನ್ ಜಾತಿಯ ಮದ್ದನ್ನು ಇನ್ನೊಂದು ಮದ್ದಿನ ಜೊತೆ ಸೇರಿಸಿಯೇ ಕೊಡುವುದು. ಒಂದನ್ನೇ ಕೊಟ್ಟರೆ ಕ್ಲೋರೋಕ್ವಿನ್ ಗತಿಯೇ ಅದಕ್ಕೂ ಬರುತ್ತದೆ. ನಮ್ಮ ದೇಶದಲ್ಲಿ ಆ ಸೋಲು ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಮಲೇರಿಯಾದ ಇನ್ನೊಂದು ಬಗೆಯಾದ ವೈವಾಕ್ಸ್‌ಗೆ ಇವತ್ತೂ ಕ್ಲೋರೋಕ್ವಿನ್ ಮೂರು ದಿನ, ಜೊತೆಗೆ ಯಕೃತ್ತಿನಲ್ಲಿ ಅಡಗಿ ಕೂತದ್ದನ್ನು ಕೊಲ್ಲಲು ಪ್ರಿಮಾಕ್ವಿನ್ ಹದಿನಾಲ್ಕು ದಿನ. ಕಷ್ಟ ಇರುವುದು ಆ ಹದಿನಾಲ್ಕರಲ್ಲಿ. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಒಬ್ಬ ಹುಡುಗ ಒಂದೇ ವರ್ಷದಲ್ಲಿ ಮೂರು ಸಲ ನನ್ನ ಮುಂದೆ ಬೆರಳು ಚಾಚಿದ. ಪ್ರತಿ ಸಲ ನಾಲ್ಕನೇ ದಿನಕ್ಕೆ ಜ್ವರ ಬಿಟ್ಟಿತ್ತು, ಕೂಲಿ ಹೋಗುತ್ತದೆ ಅಂತ ಸೈಟ್ ಬದಲಿಸಿದ್ದ, ಮಾತ್ರೆಯ ಪಟ್ಟಿ ಹಳೇ ಶೆಡ್ಡಿನಲ್ಲೇ ಉಳಿದಿತ್ತು. ಮೂರನೇ ಸಲ ನಾನು ದಿನಾ ಸಂಜೆ ಫೋನ್ ಮಾಡಿ “ನುಂಗಿದ್ಯಾ” ಅಂತ ಕೇಳಿದೆ. ಹದಿನಾಲ್ಕೂ ಮುಗಿಸಿದ. ಆಮೇಲೆ ಬರಲಿಲ್ಲ.

ಲಸಿಕೆಯೂ ಬಂದಿದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ತಯಾರಾಗುವುದು ಪುಣೆಯಲ್ಲಿ. ಸದ್ಯ ಅದು ಆಫ್ರಿಕಾದ ಮಕ್ಕಳಿಗೆ.

ಹೆಂಚಿನಮನೆ

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಒಂದು ಗಳಿಗೆ ಬಿಸಿಲು ಬಂತು. ಅಜ್ಜಿಯನ್ನು ಜಗಲಿಗೆ ಕರೆತಂದು ಕೂರಿಸಿದೆ. ಗಾಜಿನ ಲೋಟ, ಬಾವಿ ನೀರಿನ ಬದಲು ಶೋಧಿಸಿದ ಮಳೆನೀರು, ನಿಂಬೆರಸ. ಮುತ್ತಜ್ಜ ಮಡಚಿದ ಪೊಟ್ಟಣವೊಂದನ್ನು ಬಿಚ್ಚಿ ಕಡ್ಡಿ ತುದಿಯಷ್ಟು ಹಾಕಿದೆ. ಹಿಂದೆ ಅಪ್ಪನ ಕಪ್ಪು ಕೊಡೆ ಹಿಡಿದೆವು. ಮೊದಲು ಏನೂ ಕಾಣಲಿಲ್ಲ. ಲೋಟ ಸ್ವಲ್ಪ ಓರೆ ಮಾಡಿದಾಗ, ಬಿಸಿಲು ಬೀಳುವ ಕಡೆಯ ಅಂಚಿಗೆ ಅಂಟಿಕೊಂಡ ಹಾಗೆ ತೆಳ್ಳಗೆ ನೀಲಿ, ಒಲೆಯ ಹೊಗೆ ಬೆಳಕಿನ ಕೋಲಿಗೆ ಸಿಕ್ಕಿದಾಗ ಕಾಣುವ ಬಣ್ಣ.

ಅಜ್ಜಿಗೆ ಆ ನೀಲಿ ಕಾಣಲಿಲ್ಲ. “ಬಂತಾ?” ಅಂತ ಎರಡು ಸಲ ಕೇಳಿದರು. ಬಂತು ಅಂದೆ. ಅವರ ತಮ್ಮ ಒಬ್ಬ ಆ ಜ್ವರದಲ್ಲೇ ಹೋದನಂತೆ, ಪುಡಿ ಸಿಗುವ ಮೊದಲಿನ ವರ್ಷ. ಇಷ್ಟು ದಿನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಉಳಿದ ಪೊಟ್ಟಣಗಳನ್ನು ಎಣಿಸಿದರು, ಹನ್ನೊಂದು. ಡಬ್ಬಿ ಮುಚ್ಚಿ, ಸರದ ಪಕ್ಕಕ್ಕೇ ಇಡು ಅಂದರು.